ಎರಡೂ ಸಮನಾದ ಜೋಡು

ಗಡಿಯಾರದಂಗಡಿಯ ಪಕ್ಕದ ಸಂದಿಯಲ್ಲಿ ಜೋಡು ಹೊಲಿಯುತ್ತಿದ್ದ ಮುದುಕನನ್ನು ಬೀದಿಯವರೆಲ್ಲ ಅಟ್ಟೆಯಜ್ಜ ಎಂದೇ ಕರೆಯುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಜ್ಜಿಯ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಮದುವೆಯಾದ ಹೊಸತರಲ್ಲಿ ಅಜ್ಜ ಅವಳ ಎಡಗಾಲಿನ ಜೋಡಿನ ತಳಕ್ಕೆ ಒಂದು ಅಟ್ಟೆ ಹೆಚ್ಚಿಗೆ ಅಂಟಿಸಿ ಕೊಟ್ಟಿದ್ದ. ಅಂದಿನಿಂದ ಅವಳ ನಡಿಗೆಗೆ ಒಂದು ಹಗುರ, ಒಂದು ಭಾರ ಎಂಬ ಸದ್ದು ಅಂಟಿಕೊಂಡಿತು. ತೊಗಲಿನ ಮೇಲೆ ಬಗ್ಗಿದ ತಲೆಯನ್ನು ಎತ್ತದೆಯೇ ಅಜ್ಜ, ಹೆಂಡತಿ ಬಂದಳೆಂದು ತಿಳಿಯುತ್ತಿದ್ದ.

ಈಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಇನ್ನು ಏಳುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು.

“ರೀ, ನನಗೊಂದು ಜೋಡು ಮಾಡಿ,” ಎಂದಳು ಒಂದು ಬೆಳಿಗ್ಗೆ. “ನನ್ನನ್ನ ಮಣ್ಣಿಗಿಡೋ ಪೆಟ್ಟಿಗೇಲಿ ಮಲಗಿಸುವಾಗ ಹಾಕೋಕೆ. ಎರಡೂ ಸಮ ಇರ್ಲಿ.”

“ಸಮ ಹಾಕ್ಕೊಂಡು ಕುಂಟ್ತೀಯಾ?”

“ಪರಲೋಕದಲ್ಲಿ ಯಾಕ್ರೀ ಕುಂಟ್ತೀನಿ? ದೇವರು ಹೊಸ ಮೈ ಕೊಡ್ತಾನೆ. ಒಂದು ಸಲನಾದ್ರೂ ನೆಟ್ಟಗೆ ನಡೀಬೇಡವಾ ನಾನು?”

ಅಜ್ಜ ಮೆತ್ತನೆಯ ತೊಗಲು ಆರಿಸಿ ಕತ್ತರಿಸಿದ, ಹೊಲಿದ, ಅಂಟಿಸಿದ. ಪರದೆ ಸರಿಸಿ ಜೋಡನ್ನು ತಂದು ಹೊದಿಕೆಯ ಮೇಲಿಟ್ಟ. ಅಜ್ಜಿ ಕೈಯಾಡಿಸಿ ನೋಡಿ ನಕ್ಕಳು. ಎಡಗಾಲಿನದಕ್ಕೆ ಎಂದಿನಂತೆ ದಪ್ಪ ಅಟ್ಟೆ ಕೂತಿತ್ತು.

“ಅಯ್ಯೋ, ಕೈ ತಾನಾಗೇ ಮಾಡಿಬಿಟ್ಟಿದೆ,” ಎಂದ ಅಜ್ಜ. ಆದರೆ ಬಿಚ್ಚಲು ಮುಂದಾಗಲಿಲ್ಲ.

ಅಜ್ಜಿಯನ್ನು ಕಾಣಲು ಬಂದಿದ್ದ ಪಾದ್ರಿಗಳು ಕುರ್ಚಿಯಲ್ಲಿದ್ದರು. ಅಜ್ಜ ಅವರ ಕಡೆ ತಿರುಗಿದ.

“ಸ್ವಾಮಿ, ಅಲ್ಲಿ ಇವಳ ಕುಂಟು ಹೋಗೋದು ಖಂಡಿತಾನಾ?”

“ನಮ್ಮ ನಂಬಿಕೆ ಅದೇ ಅಜ್ಜಾ. ನೋವು, ಕೊರತೆ ಯಾವುದೂ ಇರೋದಿಲ್ಲ.”

“ಹಂಗಾದ್ರೆ ಅಷ್ಟು ಜನರ ಮಧ್ಯೆ ನಾನು ಇವಳನ್ನ ಹೆಂಗೆ ಗುರುತು ಹಿಡೀಲಿ? ಈ ಸದ್ದು ಬಿಟ್ರೆ ನಂಗೆ ಬೇರೆ ಗುರುತೇ ಇಲ್ಲ.”

“ಅಲ್ಲಿ ಗಂಡ ಹೆಂಡತಿ ಅನ್ನೋದೇ ಇಲ್ವಂತೆ,” ಎಂದಳು ಅಜ್ಜಿ. “ಅಷ್ಟಾದ್ರೂ ಬಿಡುವು ಸಿಗ್ಲಿ ಬಿಡಿ.”

ಅಜ್ಜ ನಗಲಿಲ್ಲ. ಪಾದ್ರಿಗಳು ಕುರ್ಚಿಯನ್ನು ಅಜ್ಜನ ಕಡೆ ಎಳೆದುಕೊಂಡರು. “ಅಲ್ಲಿ ಹೆಂಗಿರುತ್ತೋ ಎಲ್ಲಾ ನನಗೂ ಗೊತ್ತಿಲ್ಲ ಅಜ್ಜಾ. ಆದ್ರೆ ಯೇಸುಸ್ವಾಮಿ ಸಮಾಧಿಯಿಂದ ಎದ್ದು ಬಂದಾಗ, ತೋಟದಲ್ಲಿ ಅಳ್ತಾ ನಿಂತಿದ್ದ ಒಬ್ಬ ಹೆಂಗಸು ಅವರನ್ನ ನೋಡಿದ್ರೂ ಗುರುತು ಹಿಡೀಲಿಲ್ಲ. ಅವರು ಅವಳ ಹೆಸರು ಹಿಡಿದು ಕರೆದಾಗ ಗೊತ್ತಾಯ್ತು.”

“ಇವಳು ನನ್ನ ಹೆಸರು ಹಿಡಿದು ಯಾವತ್ತು ಕರೆದಿದ್ದಾಳೆ?”

“ಯಾಕೆ ಕರೀಲಿ?” ಎಂದಳು ಅಜ್ಜಿ. “ಅಲ್ಲೂ ಬಾಗಿಲಲ್ಲೇ ನಿಂತು, ‘ರೀ, ಕಾಲೊರೆಸ್ಕೊಂಡು ಬನ್ನಿ’ ಅಂತೀನಿ.”

“ಎಲ್ಲರ ಹೆಂಡಿರೂ ಹಂಗೇ ಅಂತಾರೆ.”

“ಅಂದ್ಕೊಳ್ಲಿ. ನಾನು ಬಯ್ಯೋ ದನಿ ಗೊತ್ತಾಗೋಲ್ವಾ ನಿಮಗೆ?”

ಅಜ್ಜನ ಮುಖ ಸಡಿಲವಾಯಿತು. ಅಲ್ಲಿಯೇ ಮಂಚದ ಬಳಿ ಕುಕ್ಕರಗಾಲಲ್ಲಿ ಕೂತು, ಉಳಿಯಿಂದ ಎಡಜೋಡಿನ ಹೆಚ್ಚಿನ ಅಟ್ಟೆಯನ್ನು ಮೆಲ್ಲಗೆ ಬಿಡಿಸಿದ. ಅಂಚು ಉಜ್ಜಿ ನುಣುಪು ಮಾಡಿ, ಎರಡನ್ನೂ ಅಜ್ಜಿಯ ಪಾದಗಳಿಗೆ ತೊಡಿಸಿದ. ಬಿಡಿಸಿದ ಅಟ್ಟೆಯನ್ನು ಜೇಬಿಗೆ ಹಾಕಿಕೊಂಡ.

“ಬಿಗಿ ಆಯ್ತೇನೇ?”

ಅಜ್ಜಿ ತಲೆಯನ್ನು ತುಸು ಎತ್ತಿ ತನ್ನ ಕಾಲುಗಳನ್ನು ನೋಡಿಕೊಂಡಳು.

“ಹೊಸದಲ್ವಾ, ಸ್ವಲ್ಪ ಬಿಗಿ. ನಡೆದಾಡಿದ್ರೆ ಸರಿಹೋಗುತ್ತೆ ಬಿಡಿ.”