ಹಿಂದೆ ಗಾರ್ಡ್ ಇದ್ದಾನೆ

ನಮ್ಮ ಭಾವ ಜೀವನಪೂರ್ತಿ ರೈಲು ಓಡಿಸಿದವರು, ನಾನು ಜೀವನಪೂರ್ತಿ ರೈಲು ಬಿಟ್ಟವನು. ಅಕ್ಕ ನಮ್ಮಿಬ್ಬರ ಪರಿಚಯ ಮಾಡಿಕೊಡುವುದೇ ಹೀಗೆ.

ಭಾವನ ಮಾತು ಕಡಿಮೆ. ನಿವೃತ್ತರಾದ ಮೇಲೂ ಅಡುಗೆಮನೆಯ ತಿರುವಿನಲ್ಲಿ ಗಟ್ಟಿಯಾಗಿ ಕೆಮ್ಮಿಯೇ ಮುಂದೆ ಹೋಗುತ್ತಾರೆ. ಹಾರ್ನ್ ಇಲ್ಲದ ಮನುಷ್ಯ ಇನ್ನೇನು ಮಾಡಿಯಾರು, ಪಾಪ. ಮೊಣಕಾಲಿನ ಆಪರೇಷನ್ ಆದಾಗಿನಿಂದ ಅಕ್ಕ ಅವರೊಬ್ಬರನ್ನೇ ಗೇಟು ದಾಟಲು ಬಿಟ್ಟಿರಲಿಲ್ಲ. ಅವರಿಗೋ ಒಂದೇ ಆಸೆ. ತಾವು ಓಡಾಡಿದ ಹಳೇ ಲೈನಿನ ಹಳಿ ಕಿತ್ತು ಈಗ ಕಾಲುದಾರಿ ಮಾಡಿದ್ದಾರಲ್ಲ, ಅಲ್ಲಿ ದಿನಾ ಒಬ್ಬರೇ ನಡೆಯಬೇಕು.

“ಹಳೇ ಸ್ಟೇಷನ್ ಮುಟ್ಟಿ, ಯಾರನ್ನೂ ಹಿಡ್ಕೊಳ್ಳದೆ ವಾಪಸ್ ಬನ್ನಿ. ಆಮೇಲೆ ನೋಡೋಣ. ಇವತ್ತು ಇವನು ಜೊತೆಗಿರ್ಲಿ,” ಅಂದಳು ಅಕ್ಕ.

ಇವನು ಅಂದರೆ ನಾನು. ಹೊಸ ಬೂಟು, ಹೊಸ ಟೋಪಿ, ಹೆಗಲಿಗೆ ನೀರಿನ ಬಾಟಲಿ. “ಹಿಮ್ಮಡಿ ಮೊದ್ಲು ಊರಿ ಭಾವ, ಉಸಿರು ಮೂಗಲ್ಲೇ ತಗೊಳ್ಳಿ,” ಎಂದು ಗೇಟಿನಲ್ಲೇ ಉಪದೇಶ ಶುರುಮಾಡಿದೆ.

“ನೀನು ಹಿಂದೆ ಬಾರಯ್ಯ. ಗಾರ್ಡ್ ಯಾವಾಗ್ಲೂ ಹಿಂದೇನೇ.”

ದಾರಿಯುದ್ದಕ್ಕೂ ಊರು ನಮಗೆ ಬೆನ್ನು ಹಾಕಿ ಕೂತಿತ್ತು: ಹಿತ್ತಿಲುಗಳು, ಒಣಗಲು ಹಾಕಿದ ಬನಿಯನ್ನುಗಳು, ಗ್ಯಾರೇಜಿನ ಹಿಂದೆ ಹಳೇ ಟೈರುಗಳ ರಾಶಿ. ಭಾವ ಕೋಲೂರಿಕೊಂಡು ಒಂದೇ ವೇಗದಲ್ಲಿ ಸಾಗಿದರು. ಸಾಬೂನು ಕಾರ್ಖಾನೆಯ ತಿರುವಿನಲ್ಲಿ ಒಮ್ಮೆ ಕೆಮ್ಮಿದರು ನೋಡಿ, ಮುಂದಿದ್ದ ಸೈಕಲ್ಲುಗಳೆಲ್ಲ ಪಕ್ಕಕ್ಕೆ ಸರಿದವು. ನಾನು ನಕ್ಕೆ. ಅಷ್ಟರಲ್ಲಿ ಹೊಸ ಬೂಟು ಕಚ್ಚಿತು, ಅದೂ ಉಪದೇಶದ ಹಿಮ್ಮಡಿಯನ್ನೇ.

ಹಳೇ ಸ್ಟೇಷನ್ನಿನ ಪ್ಲಾಟ್‌ಫಾರಂ ಕಲ್ಲನ್ನು ಭಾವ ಬಗ್ಗಿ ಮುಟ್ಟಿ, ತಿರುಗಿ ಹೊರಟರು.

“ಸ್ವಲ್ಪ ಕೂರೋಣ ಭಾವ, ನಿಮಗೆ ಸುಸ್ತಾಗಿರುತ್ತೆ,” ಅಂದೆ ಕುಂಟುತ್ತಾ.

“ಇಲ್ಲಿ ಸ್ಟಾಪಿಲ್ಲ,” ಎಂದು ತಮ್ಮ ಕೋಲನ್ನು ನನ್ನ ಕೈಗೆ ಕೊಟ್ಟರು. ಅದೂ ಸಾಲದೆ, ಮನೆ ಬರುವವರೆಗೆ ನಾನು ಅವರ ಹೆಗಲು ಹಿಡಿದೇ ನಡೆದೆ.

ಗೇಟಿನಲ್ಲಿ ನಿಂತಿದ್ದ ಅಕ್ಕನ ಕಣ್ಣು ಸೀದಾ ಆ ಕೈಯ ಮೇಲೆ ಬಿತ್ತು. “ಯಾರನ್ನೂ ಹಿಡ್ಕೋಬಾರ್ದು ಅಂದಿದ್ನಲ್ಲ! ಸ್ಟೇಷನ್ ತನಕ ಹೋದ್ರಾ, ಇಲ್ಲ ಇಬ್ರೂ ಸೇರಿ ರೈಲು ಬಿಡ್ತಿದ್ದೀರಾ?”

“ನಾನು ರೈಲು ಬಿಟ್ಟು ಎಷ್ಟೋ ವರ್ಷ ಆಯ್ತು. ಹಿಂದೆ ಗಾರ್ಡ್ ಇದ್ದಾನೆ, ಅವನನ್ನೇ ಕೇಳು,” ಅಂದರು ಭಾವ.

‘ಭಾವನಿಗೆ ಕಾಲು ಸೋತಿತ್ತು, ಪಾಪ, ನಾನೇ ಹಿಡ್ಕೊಂಡೆ’ ಎಂಬ ಚೆಂದದ ರೈಲೊಂದು ನಾಲಿಗೆ ತುದಿಯಲ್ಲಿ ಹೊರಡಲು ಸಿದ್ಧವಾಗಿತ್ತು. ಭಾವ ನನ್ನನ್ನು ನೋಡಲಿಲ್ಲ. ಗೇಟಿನಾಚೆಗಿನ ದಾರಿಯನ್ನೇ ನೋಡುತ್ತಿದ್ದರು.

“ಅವರು ಯಾರನ್ನೂ ಹಿಡೀಲಿಲ್ಲ ಅಕ್ಕಾ. ಬೂಟು ಕಚ್ಚಿತ್ತು. ನಾನೇ ಅವರನ್ನ ಹಿಡ್ಕೊಂಡು ಬಂದೆ.”

ಅಕ್ಕ ನನ್ನ ಹಿಮ್ಮಡಿ ನೋಡಿದಳು, ಕೈಯಲ್ಲಿದ್ದ ಕೋಲು ನೋಡಿದಳು. “ನಾಳೆಯಿಂದ ನೀವೊಬ್ರೇ ಹೋಗ್ಬನ್ನಿ,” ಅಂದಳು ಭಾವನಿಗೆ. “ಇವನನ್ನ ಮಾತ್ರ ಒಬ್ಬನೇ ಬಿಡೋ ಹಾಗಿಲ್ಲ.”

ಭಾವ ಒಳಗೆ ಹೋಗುವಾಗ ಅಡುಗೆಮನೆಯ ತಿರುವಿನಲ್ಲಿ ಅಂದು ಎರಡು ಸಲ ಕೆಮ್ಮಿದರು.