ಅತ್ತೆಯ ಚಂಚಿಯೊಳಗೆ ನಾಲ್ಕು ಊರು

ನನ್ನ ನಾಲಗೆಯ ತುದಿಯಲ್ಲಿ ಎಳ್ಳುಕಾಳಿನಷ್ಟು ಒಂದು ಕರಿ ಮಚ್ಚೆ ಇದೆ. ಹೆಣ್ಣು ನೋಡಲು ಬಂದಾಗ ನನ್ನವ್ವ "ಬಾಯಿ ಭಾಳ ತೆರೀಬ್ಯಾಡ" ಎಂದು ಚಿವುಟಿದ್ದು ಅದಕ್ಕೇ. ಮಚ್ಚೆ ನಾಲಗೆಯವರು ಆಡಿದ ಕೆಟ್ಟ ಮಾತು ನಿಜವಾಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಇಂಥ ನಾಲಗೆ ಇಟ್ಟುಕೊಂಡು ನಾನು ಆಗಿದ್ದು ನರ್ಸು. ದಿನವಿಡೀ ಮಂದಿಗೆ "ಹಿಂಗ ಮಾಡಿದ್ರ ಹಂಗ ಆಗತೈತಿ ನೋಡ್ರಿ" ಎಂದು ಹೆದರಿಸುವುದೇ ಕೆಲಸ!

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ನಾನು ಮದುವೆಯಾಗಿ ಕುಕನೂರಿಗೆ ಬಂದೆ. ಅತ್ತೆಗೆ ಆಗಲೇ ಅರವತ್ತು ದಾಟಿತ್ತು, ಆದರೂ ಕಾಲಲ್ಲಿ ಚಕ್ರ. ಗಂಗಾವತಿಯಲ್ಲಿ ಮಗಳು, ಯಲಬುರ್ಗದಲ್ಲಿ ತವರು, ಕುಷ್ಟಗಿಯಲ್ಲಿ ತಂಗಿ. ಕೊಪ್ಪಳದಲ್ಲಿ ಯಾರೂ ಇರಲಿಲ್ಲ, ಆದರೆ ಅಲ್ಲಿ ಬಸ್ಸು ಬದಲಿಸಬೇಕಿತ್ತು. ಹೋದ ಕಡೆಯೆಲ್ಲ ಒಂದು ತಲೆಸುತ್ತೋ ಕಾಲುನೋವೋ ಹೇಳಿಕೊಂಡು ಡಾಕ್ಟರಿಗೆ ತೋರಿಸುತ್ತಿದ್ದರು. ಉಡಿ ತುಂಬಿಸಿಕೊಂಡು ಬಂದವರಂತೆ ಪ್ರತಿ ಊರಿನಿಂದಲೂ ಒಂದೊಂದು ಗುಳಿಗೆ ತಂದರು.

ಎಲೆ ಅಡಿಕೆ ಬಿಟ್ಟ ಮೇಲೆ ಅವರ ಚಂಚಿ ಖಾಲಿ ಬಿದ್ದಿತ್ತು. ಅದರ ನಾಲ್ಕು ಕಿಸೆಗಳಲ್ಲಿ ಈಗ ಗುಳಿಗೆಗಳು. ಅವುಗಳ ಹೆಸರು ಅತ್ತೆಗೆ ಬೇಕಿರಲಿಲ್ಲ, ಊರಿನ ಹೆಸರು ಸಾಕು.

"ಕೊಪ್ಪಳ ನುಂಗೀನಿ. ಗಂಗಾವತಿ ಊಟ ಆದಮ್ಯಾಲೆ" ಎನ್ನುವರು. ಇನ್ನೊಂದು ದಿನ, "ಯಲಬುರ್ಗಾ ಮುಗದೈತಿ, ನಾಳಿ ತವರಿಗೆ ಹೋಗಬೇಕು" ಎನ್ನುವರು.

ಒಬ್ಬ ಡಾಕ್ಟರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿದವರೇ ಅಲ್ಲ. "ಏನ್ ತಗೋತೀರಿ?" ಎಂದು ಡಾಕ್ಟರು ಕೇಳಿದರೆ, "ಏನೂ ಇಲ್ರಿ" ಎಂದುಬಿಡುತ್ತಿದ್ದರಂತೆ. ಯಾಕೆ ಹಾಗೆ ಎಂದರೆ, "ಅವರ ಮನಸಿಗೆ ಏನನಸಬೇಕು? ಈ ಮುದುಕಿ ಊರೂರು ಡಾಕ್ಟರ್ ಮಾಡ್ಯಾಳ ಅಂತ ತಿಳ್ಕೊಳ್ಳೂದಿಲ್ಲೇನು?" ಎಂದು ನನ್ನನ್ನೇ ಗದರಿದರು.

ಒಂದು ಮುಂಜಾನೆ ಅತ್ತೆ ಹಾಸಿಗೆಯಿಂದ ಎದ್ದವರು ಬಾಗಿಲ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. ಅವರು ಜಳಕಕ್ಕೆ ಹೋದಾಗ ಚಂಚಿ ಬಿಚ್ಚಿ ನೋಡಿದೆ. ಕೊಪ್ಪಳದ್ದೂ ಗಂಗಾವತಿಯದ್ದೂ ಬಿಪಿಯ ಗುಳಿಗೆ. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ. ಅದು ದುಪ್ಪಟ್ಟಾಗಿ ಕಾಲು ಬಾತಿತ್ತು. ಬಾತ ಕಾಲಿಗೆ ಯಲಬುರ್ಗದಲ್ಲಿ ನೀರಿಳಿಸುವ ಗುಳಿಗೆ. ಅದರಿಂದ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವಂತಾಗಿ ನಿದ್ದೆ ಕೆಟ್ಟಿತ್ತು. ಅದಕ್ಕೆ ಕುಷ್ಟಗಿಯಲ್ಲಿ ನಿದ್ದೆಯ ಗುಳಿಗೆ! ನಾಲ್ಕೂ ಕೂಡಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಖಂಡಿತ. ಈ ವಯಸ್ಸಿನಲ್ಲಿ ಸೊಂಟ ಮುರಿದುಕೊಂಡು ಮಲಗಿದವರು ಮತ್ತೆ ನಡೆಯದೇ ಹೋದದ್ದನ್ನು ನಾನು ಆಸ್ಪತ್ರೆಯಲ್ಲಿ ಕಂಡಿದ್ದೆ. ನನಗೆ ಭಯವಾಯಿತು.

"ಅತ್ತಿ, ಇವನ್ನೆಲ್ಲಾ ಕೂಡಿಸಿ ನುಂಗಿದ್ರ ಒಂದಿನ ದಬಕ್ಕನ ಬೀಳ್ತೀರಿ ನೋಡ್ರಿ!" ಎಂದೆ. ಸಿಟ್ಟಿನಲ್ಲಿ ಬಾಯಿ ದೊಡ್ಡದಾಗಿಯೇ ತೆರೆದಿರಬೇಕು.

ಅತ್ತೆಗೆ ನನ್ನ ನಾಲಗೆ ಕಂಡಿತು. "ಅಯ್ಯಯ್ಯ, ಮಚ್ಚಿ ಐತಲ್ಲ! ಏ, ಬಿಡ್ತು ಅನ್ನು! ಮೊದಲ ಬಿಡ್ತು ಅನ್ನು!"

"ಬಿಡ್ತು" ಎಂದೆ. "ಆದ್ರ ಬೀಳ್ತೀರಿ."

"ಮತ್ತ ಅಂತಾಳ!"

"ಬಿಡ್ತು."

ಹಿತ್ತಲ ಗೋಡೆಯಾಚೆ ಪಕ್ಕದ ಮನೆಯಾಕೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು: ಸೊಸೆ ಅತ್ತೆಗೆ ಬೀಳು ಎಂದಳಂತೆ, ನಾಲಗೆಯ ಮೇಲೆ ಮಚ್ಚೆಯೂ ಇದೆಯಂತೆ. ನಾನು ಮನೆ ಮನೆಗೆ ಬಿಪಿ ನೋಡಲು ಹೋದರೆ ಮುದುಕರು ತೋಳು ಚಾಚಿ, "ನೋಡ್ರಿ ಸಿಸ್ಟರ್, ಆದ್ರ ಏನೂ ಹೇಳಬ್ಯಾಡ್ರಿ" ಎನ್ನತೊಡಗಿದರು. ನಗಬೇಕೋ ಅಳಬೇಕೋ ತಿಳಿಯದು. ಮನೆಯಲ್ಲಂತೂ ನಾನು ಬಾಯಿ ತೆರೆದರೆ ಅತ್ತೆ ಕೈಯೆತ್ತಿ ತಡೆಯುತ್ತಿದ್ದರು.

ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ನಾನು ದಾರಿ ಬದಲಿಸಿದೆ.

"ಅತ್ತಿ, ನಮ್ಮ ಆಸ್ಪತ್ರಿಗೆ ಬಂದಿರೋ ಡಾಕ್ಟರಮ್ಮ ಮೈಸೂರು ಕಡೆಯವ್ರು. ಈ ಕಡೆ ಯಾವ ಊರಾಗ ಎಂಥಾ ಔಷಧ ಕೊಡ್ತಾರ ಅಂತ ಅವರಿಗೆ ಗೊತ್ತಿಲ್ಲ. ನೀವಽ ಸ್ವಲ್ಪ ತಿಳಿಸಿ ಹೇಳಬೇಕಂತ."

ಡಾಕ್ಟರಿಗೇ ಬುದ್ಧಿ ಹೇಳುವ ಅವಕಾಶ; ಅತ್ತೆ ಬಿಟ್ಟಾರೆಯೇ? ಮರುದಿನ ಇಳಕಲ್ ಸೀರೆ ಉಟ್ಟು, ಚಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮುಂದೆ ಹೊರಟರು. ಡಾಕ್ಟರಮ್ಮನ ಮೇಜಿನ ಮೇಲೆ ಒಂದೊಂದೇ ಊರನ್ನು ಸಾಲಾಗಿ ಇಟ್ಟು ವಿವರಿಸಿದರು.

ಡಾಕ್ಟರಮ್ಮ ಮೊದಲೆರಡನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ, ಕೊಪ್ಪಳ, ಗಂಗಾವತಿ ಎರಡೂ ಒಂದೇ ಊರು" ಎಂದರು.

"ಹೆಂಗ್ರಿ? ನಡುವ ತಾಸಗಟ್ಲೆ ಬಸ್ಸಿನ್ಯಾಗ ಕುಂದರ್ತೀನಲ್ರಿ ನಾನು!"

ಗಂಗಾವತಿ ಇವತ್ತೇ ಬಂದ್. ಕಾಲಿನ ಬಾವು ಇಳಿದರೆ ಯಲಬುರ್ಗವೂ ಬೇಡ. ಕುಷ್ಟಗಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸೋಣ. ಡಾಕ್ಟರಮ್ಮ ಹೀಗೆ ಹೇಳುತ್ತ ಹೋದರೆ, ಯಲಬುರ್ಗದ ಮಾತು ಬಂದಾಗ ಮಾತ್ರ ಅತ್ತೆ ಮುಖ ಸಣ್ಣದು ಮಾಡಿ, "ತವರಿಂದ್ರೀ ಅದು" ಎಂದರು.

"ಎಲ್ಲಾದರೂ ಬಿದ್ದಿದ್ದೀರಾ ಅಜ್ಜಿ?"

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರಮ್ಮನಿಗೆ, "ಇಕೀನ್ನ ಒಂದೀಟು ಹೊರಗ ಕಳಸ್ರಿ" ಎಂದರು.

ನಾನು ಪರದೆಯಾಚೆ ಹೋಗಿ ನಿಂತೆ. ಅತ್ತೆ ದನಿ ತಗ್ಗಿಸಿದ್ದರೂ ಎಲ್ಲ ಕೇಳಿಸುತ್ತಿತ್ತು.

"ಮೂರು ಸಲ ಬಿದ್ದೀನ್ರಿ. ಬಚ್ಚಲದಾಗ ಒಮ್ಮಿ, ಹಿತ್ತಲದಾಗ ಎರಡು ಸಲ. ಮೊಣಕೈ ಬಾತಾಗ ಎಮ್ಮಿ ಹಾಯ್ತು ಅಂತ ಸುಳ್ಳ ಹೇಳೀನಿ."

"ಸೊಸೆ ನರ್ಸು. ಅವರಿಗೆ ಹೇಳಬಾರದಿತ್ತಾ?"

"ಹೆಂಗ ಹೇಳ್ಲ್ರಿ? ಬೀಳ್ತೀರಿ ಅಂತ ಅಕಿ ಅಂದಿದ್ಲು. ನಾ ಬಿದ್ದೆ ಅಂದ್ರ ಓಣಿ ಮಂದಿ ಅಕಿ ನಾಲಗಿಯಿಂದನಽ ಆತು ಅಂತಾರ. ದಿನಾ ನಾಕ ಮನಿಗೆ ಬಿಪಿ ನೋಡಾಕ ಹೋಗಾಕಿ ಅಕಿ. ಆಮ್ಯಾಲೆ ಯಾರು ಬಾಗಲಾ ತೆಗೀತಾರ್ರೀ?"

ಆ ಎಮ್ಮೆಗೆ ನಾನು ಒಂದು ವಾರ ಬೈದಿದ್ದೆ. ಪರದೆ ಸರಿಸಿ ಒಳನುಗ್ಗಿದೆ. "ನನ್ನ ಹೆಸರು ಉಳಸಾಕ ಸೊಂಟಾ ಮುರಕೋತಿದ್ರೇನು? ಬುದ್ಧಿ ಐತೇನು ನಿಮಗ?" ಎಂದು ಅತ್ತೆಯ ಮೇಲೆ ಕೂಗಿದೆ, ಕೂಗುತ್ತಲೇ ಅತ್ತುಬಿಟ್ಟೆ. ಹೊರಗೆ ಕುಳಿತ ರೋಗಿಗಳೆಲ್ಲ ಬಾಗಿಲಿಗೆ ಬಂದು ನಿಂತರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಹೊರಡುವಾಗ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಮಂದಿಯೆಲ್ಲ ನೋಡುತ್ತಿರುವಂತೆಯೇ, "ಕೈ ಕೊಡು, ಕಣ್ಣಿಗೆ ಕತ್ತಲಿ ಬರಾಕತ್ತೈತಿ" ಎಂದರು.