ದೋಣಿಗೆ ಹತ್ತಿದ ಉಣ್ಣಿ

“ಕಲ್ಹೇರ್ ಹಾದಿ ಯಾವುದ್ರಿ?” ಎಂದು ಅದೇ ಹುಣಸೆಮರದ ಕೆಳಗೆ ಮೂರನೆಯ ಸಲ ಬಂದು ಕೇಳಿದೆ. ಕುರಿ ಮೇಯಿಸುತ್ತಿದ್ದ ಮುದುಕಿ ನಕ್ಕಳು.

“ಊರು ಹಿಂದ ಬಿಟ್ಟು ಬಂದೀರಿ ಬಾಯಿ. ಕೂಡ್ರಿ, ನೀರು ಕುಡೀರಿ. ಅಷ್ಟು ಅವಸರ ಏನದ?”

ಅವಸರವಿತ್ತು. ನಿಜಾಮರ ಸೀಮೆಗೆ ನಾನು ಬಂದದ್ದು ಔಡಲೆಣ್ಣೆ ಕೊಳ್ಳಲು. ಅದನ್ನು ಕಡಲ ಮೇಲೆ ಸಾಗಿಸುವ ನನ್ನ ಒಂದೇ ದೋಣಿ ಹೊನ್ನಾವರದ ಬಂದರಿನಲ್ಲಿ ಕಟ್ಟಿಸಿಕೊಂಡು ನಿಂತಿತ್ತು. ಅದರ ಹೊಟ್ಟೆಗೆ ಬಾರ್ನಕಲ್ ಎಂಬ ಚಿಪ್ಪುಹುಳು ಮೆತ್ತಿಕೊಂಡು, ದೋಣಿ ಎಮ್ಮೆಯಂತೆ ನಿಧಾನವಾಗಿತ್ತು. ಇನ್ನೊಂದು ವರ್ಷ ಹೀಗೇ ಆದರೆ ಅದನ್ನು ಮಾರುವುದೇ ಗತಿ.

ಸಮುದ್ರ ಕಾಣದವಳಿಗೆ ಇದೆಲ್ಲ ಹೇಗೆ ತಿಳಿದೀತು ಎಂದುಕೊಂಡೇ ಹೇಳಿದೆ. ಅವಳಿಗೆ ತಟ್ಟನೆ ತಿಳಿಯಿತು.

“ಅಂದ್ರ ದೋಣಿಗೆ ಉಣ್ಣಿ ಹತ್ಯಾವ! ಕಟ್ಟಿಹಾಕಿದ ಕುರಿಗೇ ಜಾಸ್ತಿ ಹತ್ತತಾವ ನೋಡ್ರಿ. ಕುರಿ ಕೊಬ್ಬು ಕರಗಿಸಿ, ಸುಣ್ಣ ಕಲಸಿ, ದಪ್ಪಗ ಬಳೀರಿ. ಕಾಲೂರಾಕ ಜಾಗಾನೇ ಸಿಗಬಾರದು.”

ಒಂದು ಮಡಕೆ ಕೊಬ್ಬನ್ನೂ ಕೊಟ್ಟಳು. ದುಡ್ಡು ಮುಟ್ಟಲಿಲ್ಲ.

“ಕೆಲಸ ಆದ್ರ ಆ ಹುಳ ಒಂದು ತಂದು ತೋರಿಸ್ರಿ. ತರಲಿಲ್ಲಂದ್ರ ಸುಳ್ಳಿ ಅಂತ ಊರಿಗೆಲ್ಲ ಸಾರತೀನಿ.”

ಹೊನ್ನಾವರಕ್ಕೆ ಮರಳಿ ದೋಣಿಯ ತಳ ಕೆರೆಸಿ, ಅವಳು ಹೇಳಿದಂತೆಯೇ ಬಳಿಸಿದೆ. ಮರುವರ್ಷ ದೋಣಿಯನ್ನು ದಡಕ್ಕೆಳೆದರೆ ತಳ ಬೋಳುತಲೆಯಂತೆ ನುಣ್ಣಗಿತ್ತು. ಹುಡುಕಿದರೂ ಒಂದು ಹುಳುವೂ ಸಿಗಲಿಲ್ಲ. ಕೊನೆಗೆ ಪಕ್ಕದ ದೋಣಿಯವನನ್ನು ಬೇಡಿ ನಾಲ್ಕು ಕೆತ್ತಿಸಿಕೊಂಡೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡನೇ ಹೊರತು, ಅವನು ಮದ್ದು ಕೇಳಲಿಲ್ಲ.

ಆ ಹುಳುಗಳನ್ನು ಕಲ್ಹೇರಿಗೆ ಒಯ್ದು ಋಣ ತೀರಿಸಿದೆ. ಮುದುಕಿ ಅಂಗೈಯಲ್ಲಿ ಹೊರಳಿಸಿ ನೋಡಿದಳು.

“ಇಷ್ಟೇ ಏನ್ರಿ? ನಮ್ಮ ಉಣ್ಣೀನೇ ಚಂದ ಅದ.”